ಬ್ಲೈಂಡ್ ಬೆಗರ್‌ನ ಕೌಂಟರ್ ಹಿಂದೆ ನಿಂತಿದ್ದವಳು

ಮೊದಲ ದಿನ, ಗುರುವಾರ

ಲಂಡನ್ನಿಗೆ ಬಂದವರು ಮೊದಲು ಅರಮನೆ ನೋಡುತ್ತಾರೆ. ನಾನು ಅಕ್ಕನ ಮಗನಿಗೆ ಕಾರವಾರದಿಂದಲೇ ಫೋನ್ ಮಾಡಿ ಹೇಳಿಬಿಟ್ಟಿದ್ದೆ, "ನಂಗೆ ಮೊದಲು ಬ್ಲೈಂಡ್ ಬೆಗರ್ ಪಬ್ ತೋರಿಸು" ಅಂತ. ಅವನಿಗೆ ಆಶ್ಚರ್ಯ. ಚಿಕ್ಕಮ್ಮ ಬಿಯರ್ ಮುಟ್ಟಿದವಳಲ್ಲ, ಏಕಾದಶಿ ಬಿಟ್ಟವಳಲ್ಲ, ಪಬ್ಬಿನಲ್ಲಿ ಇವಳಿಗೇನು ಕೆಲಸ ಅಂತ ಅವನ ಯೋಚನೆ.

ಕೆಲಸ ಇತ್ತು. ನಾನು ಕಾರವಾರದ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿ ನಿವೃತ್ತಳಾದವಳು. ಕೊಲೆ ಕೇಸುಗಳಲ್ಲಿ ಸಾಕ್ಷಿಗಳು ಕಟಕಟೆ ಹತ್ತುವುದನ್ನು ವರ್ಷಗಟ್ಟಲೆ ತೀರಾ ಹತ್ತಿರದಿಂದ ನೋಡಿದ್ದೇನೆ. ಪೊಲೀಸರ ಮುಂದೆ ಒಂದು ಹೇಳಿ, ಕೋರ್ಟಿನಲ್ಲಿ ಉಲ್ಟಾ ಹೊಡೆದವರು ಎಷ್ಟೋ ಜನ. ಅವರಲ್ಲಿ ದುಡ್ಡಿಗೆ ಬಾಯಿ ಮುಚ್ಚಿದವರು ಕಡಿಮೆ. ಹೆದರಿ ಮುಚ್ಚಿದವರೇ ಜಾಸ್ತಿ. ಬ್ಲೈಂಡ್ ಬೆಗರ್ ಪಬ್ಬಿನಲ್ಲಿ 1966ರಲ್ಲಿ ನಡೆದ ಕೊಲೆಯ ಬಗ್ಗೆ ಓದಿದಾಗ ನನ್ನ ಮನಸ್ಸು ಕೊಂದವನ ಮೇಲೆ ಹೋಗಲಿಲ್ಲ. ಆ ರಾತ್ರಿ ಕೌಂಟರ್ ಹಿಂದೆ ನಿಂತು ಬಿಯರ್ ಕೊಡುತ್ತಿದ್ದ ಹೆಣ್ಣುಮಗಳ ಮೇಲೆ ಹೋಯಿತು. ಅವಳು ನಿಂತಿದ್ದ ಜಾಗ ನೋಡಬೇಕಿತ್ತು, ಅಷ್ಟೇ.

ಹುಡುಗನ ಮನೆ ಇಲ್ಫರ್ಡ್‌ನಲ್ಲಿ. ಎಲಿಜಬೆತ್ ಲೈನ್ ರೈಲು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ವೈಟ್‌ಚಾಪೆಲ್. ಸ್ಟೇಷನ್ನಿನ ಹೆಸರು ಅಲ್ಲಿ ಬಂಗಾಳಿ ಲಿಪಿಯಲ್ಲೂ ಇದೆ. ಹೊರಗೆ ಬಂದರೆ ರಸ್ತೆ ಬದಿಯಲ್ಲಿ ಸಂತೆ. ಹಾಗಲಕಾಯಿ, ಬೆಂಡೆಕಾಯಿ, ಹಸಿಮೆಣಸು, ಸೀರೆ, ಬುರ್ಖಾ, ಮೊಬೈಲ್ ಕವರ್. ಎದುರಿಗೇ ರಾಯಲ್ ಲಂಡನ್ ಆಸ್ಪತ್ರೆಯ ಹಳೇ ಕಟ್ಟಡ. ಈಗ ಅದು ಟವರ್ ಹ್ಯಾಮ್ಲೆಟ್ಸ್‌ನ ಪುರಭವನ. ಎಡಕ್ಕೆ ತಿರುಗಿ ಸಂತೆಯ ಉದ್ದಕ್ಕೂ ನಡೆದರೆ ಐದಾರು ನಿಮಿಷದಲ್ಲಿ ಕೇಂಬ್ರಿಡ್ಜ್ ಹೀತ್ ರಸ್ತೆ ಸೇರುವ ಜಾಗ. ಅಲ್ಲೇ ಕೆಂಪು ಇಟ್ಟಿಗೆಯ ಪಬ್.

ಈಗಿನ ಕಟ್ಟಡ 1894ರದ್ದು. ಅದಕ್ಕೂ ಮೊದಲು, 17ನೇ ಶತಮಾನದಿಂದಲೇ ಆ ಜಾಗದಲ್ಲಿ ಒಂದು ಹೋಟೆಲು ಇತ್ತು. ಪಕ್ಕದಲ್ಲೇ ಆಲ್ಬಿಯನ್ ಬ್ರೂವರಿ. ಅಲ್ಲಿ ತಯಾರಾದ ಬಿಯರ್ ಮೊದಲು ಇಲ್ಲಿಗೇ ಬರುತ್ತಿತ್ತು. 1979ರಲ್ಲಿ ಬ್ರೂವರಿ ಮುಚ್ಚಿತು. ಈಗ ಅದರ ಒಳಗೆ ಫ್ಲಾಟುಗಳು.

ಪಬ್ಬಿನ ಹೆಸರಿಗೊಂದು ಕಥೆ ಇದೆ. ಕುರುಡು ಭಿಕ್ಷುಕ ಅಂದರೆ ಹೆನ್ರಿ ಡಿ ಮಾಂಟ್‌ಫರ್ಟ್. ದೊಡ್ಡ ಮನೆತನದವನು. 1265ರಲ್ಲಿ ಈವ್ಶಮ್ ಯುದ್ಧದಲ್ಲಿ ಅಪ್ಪನ ಜೊತೆ ಹೋರಾಡಿ ಕಣ್ಣು ಕಳೆದುಕೊಂಡನಂತೆ. ಹೆಣಗಳ ನಡುವೆ ಬಿದ್ದಿದ್ದವನನ್ನು ಒಬ್ಬ ಹೆಂಗಸು ಎತ್ತಿ ತಂದು ಉಪಚಾರ ಮಾಡಿ ಬದುಕಿಸಿದಳಂತೆ. ಇಬ್ಬರಿಗೂ ಬೆಸ್ಸಿ ಅಂತ ಮಗಳು. ಅವನು ಗುರುತು ಮರೆಸಿಕೊಂಡು ಬೆತ್ನಲ್ ಗ್ರೀನ್‌ನಲ್ಲಿ ಭಿಕ್ಷೆ ಬೇಡಿ ಬದುಕಿದ. ಬೆಸ್ಸಿಯನ್ನು ಕೇಳಿಕೊಂಡು ಬಂದ ಗಂಡುಗಳೆಲ್ಲ ಅಪ್ಪ ಭಿಕ್ಷುಕ ಅಂತ ತಿಳಿದ ಕೂಡಲೇ ಜಾಗ ಖಾಲಿ ಮಾಡಿದರು. ಒಬ್ಬ ಮಾತ್ರ ಉಳಿದ. ಇತಿಹಾಸದ ಪ್ರಕಾರ ಹೆನ್ರಿ ಆ ಯುದ್ಧದಲ್ಲೇ ಸತ್ತ. ಆದರೆ ಜನ ಅವನನ್ನು ಸಾಯಲು ಬಿಡಲಿಲ್ಲ, ತಮ್ಮ ಬೀದಿಗೆ ತಂದು ಕೂರಿಸಿಕೊಂಡರು. ನಂಗೆ ಈ ಕಥೆ ತುಂಬಾ ಹಿಡಿಸಿತು.

ಇದೇ ಪಬ್ಬಿನ ಹೊರಗೆ 1865ರಲ್ಲಿ ವಿಲಿಯಂ ಬೂತ್ ನಿಂತು ಬಡವರಿಗೆ ಉಪದೇಶ ಮಾಡಿದ. ಮುಂದೆ ಅವನ ಸಂಸ್ಥೆಯೇ ಸಾಲ್ವೇಶನ್ ಆರ್ಮಿ ಆಯಿತು. ಕುಡಿತ ಬಿಡಿಸಲು ಹೊರಟವನಿಗೆ ಪಬ್ಬಿನ ಬಾಗಿಲಿಗಿಂತ ಒಳ್ಳೆ ಜಾಗ ಎಲ್ಲಿ ಸಿಗುತ್ತದೆ? ಸ್ವಲ್ಪ ಮುಂದೆ ಮೈಲ್ ಎಂಡ್ ರಸ್ತೆಯಲ್ಲಿ ಅವನ ಪ್ರತಿಮೆ ಇದೆ. ಆ ಶತಮಾನದ ಕೊನೆಯ ಹೊತ್ತಿಗೆ ಪಬ್ಬಿನ ಒಳಗೆ ಜೇಬುಗಳ್ಳರ ಗುಂಪು ಕೂರುತ್ತಿತ್ತು. ಅವರಿಗೆ ಈ ಪಬ್ಬಿನ ಹೆಸರೇ ಇತ್ತು, ಬ್ಲೈಂಡ್ ಬೆಗರ್ ಗ್ಯಾಂಗ್.

ಸಂಜೆ ಆರರ ಹೊತ್ತಿಗೆ ಒಳಗೆ ಹೋದೆವು. ಮಂದ ಬೆಳಕು, ಚರ್ಮದ ಸೋಫಾ, ಮರದ ಕೌಂಟರ್. ಹುಡುಗ ತನಗೆ ಅರ್ಧ ಪೈಂಟ್ ಬಿಯರ್, ನನಗೆ ಕಿತ್ತಳೆ ಹಣ್ಣಿನ ಜ್ಯೂಸ್ ತಂದ. ಪಕ್ಕದ ಟೇಬಲ್ಲಿನಲ್ಲಿ ಬೇರೆ ಊರಿಂದ ಬಂದ ನಾಲ್ಕು ಜನ. ಅವರೂ ಇದಕ್ಕೇ ಬಂದವರು. "ಅವನು ಎಲ್ಲಿ ಕೂತಿದ್ದ? ಇವನು ಎಲ್ಲಿಂದ ಬಂದ?" ಅಂತ ಬೆರಳು ತೋರಿಸಿಕೊಂಡು ಮಾತಾಡುತ್ತಿದ್ದರು.

ನಡೆದದ್ದು ಇಷ್ಟು. 1966ರ ಮಾರ್ಚ್ 9, ಬುಧವಾರ. ರಾತ್ರಿ ಎಂಟೂವರೆ ಸುಮಾರಿಗೆ ಜಾರ್ಜ್ ಕಾರ್ನೆಲ್ ಅನ್ನುವವನು ಕೌಂಟರಿನ ಪಕ್ಕ ಸ್ಟೂಲಿನ ಮೇಲೆ ಕೂತು ಕುಡಿಯುತ್ತಿದ್ದ. ಪಬ್ಬಿನಲ್ಲಿ ಹೆಚ್ಚು ಜನ ಇರಲಿಲ್ಲ. ಜ್ಯೂಕ್‌ಬಾಕ್ಸ್‌ನಲ್ಲಿ ಹಾಡು ಬರುತ್ತಿತ್ತು. ರೋನಿ ಕ್ರೇ ಒಳಗೆ ಬಂದ. ಜೊತೆಗೆ ಇಯಾನ್ ಬ್ಯಾರಿ. ಬ್ಯಾರಿ ಸೂರಿನ ಕಡೆ ಗುಂಡು ಹಾರಿಸಿದ. ಜನ ತಲೆ ತಗ್ಗಿಸಿದರು. ರೋನಿ ನೇರ ಹೋಗಿ ಕಾರ್ನೆಲ್ಲನ ಹಣೆಗೆ ಪಿಸ್ತೂಲು ಹಿಡಿದು ಹೊಡೆದ. ಬಂದ ಹಾಗೇ ನಡೆದು ಹೊರಟುಹೋದ. ಅದೇ ರಾತ್ರಿ ಕಾರ್ನೆಲ್ ಆಸ್ಪತ್ರೆಯಲ್ಲಿ ಸತ್ತ.

ರೋನಿ ಮತ್ತು ರೆಜ್ಜಿ ಕ್ರೇ ಅವಳಿ ಅಣ್ಣತಮ್ಮಂದಿರು. 1933ರಲ್ಲಿ ಹುಟ್ಟಿದವರು. ಲಂಡನ್ನಿನ ಪೂರ್ವ ಭಾಗ ಆಗ ಅವರ ಮುಷ್ಟಿಯಲ್ಲಿತ್ತು. ಅಂಗಡಿ, ಕ್ಲಬ್ಬುಗಳಿಂದ ಹಫ್ತಾ ವಸೂಲಿ. ಇನ್ನೊಂದು ಕಡೆ ಸಿನಿಮಾದವರ ಜೊತೆ, ದೊಡ್ಡ ಮನುಷ್ಯರ ಜೊತೆ ಫೋಟೋ. ಕಾರ್ನೆಲ್ ಕೂಡ ಸಾಧು ಮನುಷ್ಯ ಆಗಿರಲಿಲ್ಲ. ನದಿಯ ಆಚೆ ದಕ್ಷಿಣದಲ್ಲಿದ್ದ ರಿಚರ್ಡ್‌ಸನ್ ಗ್ಯಾಂಗಿನ ಜೊತೆಗಾರ ಅವನು. ಹಿಂದಿನ ದಿನ ಬೆಳಗಿನ ಜಾವವಷ್ಟೇ ಕ್ಯಾಟ್‌ಫರ್ಡ್‌ನ ಒಂದು ಕ್ಲಬ್ಬಿನಲ್ಲಿ ಹೊಡೆದಾಟ ನಡೆದು, ಕ್ರೇಗಳ ಕಡೆಯ ರಿಚರ್ಡ್ ಹಾರ್ಟ್ ಸತ್ತಿದ್ದ.

ಕೊಲೆ ಆಯಿತು. ಯಾರು ಮಾಡಿದ್ದು ಅಂತ ಬೀದಿಗೆ ಬೀದಿಗೇ ಗೊತ್ತಿತ್ತು. ಆದರೆ ಕೋರ್ಟಿಗೆ ಬೀದಿ ಬಂದು ಹೇಳುವುದಿಲ್ಲವಲ್ಲ. ಒಬ್ಬ ಮನುಷ್ಯ ಬೇಕು, ಹೆಸರು ಇರುವವನು, ಮನೆ ಇರುವವನು, ಮಕ್ಕಳನ್ನು ಶಾಲೆಗೆ ಕಳಿಸುವವನು. ಪೊಲೀಸರು ರೋನಿಯನ್ನು ಗುರುತಿಸುವ ಪರೇಡಿನಲ್ಲಿ ನಿಲ್ಲಿಸಿದರು. ಯಾರೂ ಬೆರಳು ಎತ್ತಲಿಲ್ಲ. ಬಾರಿನ ಹೆಣ್ಣುಮಗಳೂ ಎತ್ತಲಿಲ್ಲ. ಅವಳು ಎಲ್ಲವನ್ನೂ ನೋಡಿದ್ದಳು. ರೋನಿ ಮನೆಗೆ ಹೋದ.

ನಾನು ಇದನ್ನು ಹೇಡಿತನ ಅಂತ ಖಂಡಿತ ಅನ್ನುವುದಿಲ್ಲ. ಅನ್ನುವವರು ಒಮ್ಮೆ ಕೋರ್ಟಿನ ವರಾಂಡದಲ್ಲಿ ಸಾಕ್ಷಿಗಳ ಪಕ್ಕ ಕೂತು ನೋಡಬೇಕು. ಆರೋಪಿಯ ಕಡೆಯವರು ಎದುರಿಗೇ ಚಹಾ ಕುಡಿಯುತ್ತಾ ನಿಂತಿರುತ್ತಾರೆ. ಬಾಯಿ ಬಿಡುವುದಿಲ್ಲ. ಸುಮ್ನೆ ನೋಡುತ್ತಾರೆ. ಅಷ್ಟೇ ಸಾಕು. ನನ್ನ ಕಣ್ಣೆದುರೇ ಒಬ್ಬ ಮೀನು ಮಾರುವ ಹೆಂಗಸು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಾ, ಕೊನೆಗೆ "ನಾನೇನೂ ನೋಡಿಲ್ಲ ಸಾಯ್ಬ್ರೆ" ಅಂದಿದ್ದಳು. ಅವಳ ಬೆರಳು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಎರಡು ವರ್ಷದ ಮೇಲೆ, 1968ರ ಮೇ 8ರ ಬೆಳಗಿನ ಜಾವ, ಪೊಲೀಸ್ ಅಧಿಕಾರಿ ಲಿಯೊನಾರ್ಡ್ ರೀಡ್ ಅವರ ತಂಡ ಕ್ರೇ ಅಣ್ಣತಮ್ಮಂದಿರನ್ನೂ ಅವರ ಕಡೆಯವರನ್ನೂ ಒಟ್ಟಿಗೇ ಹಿಡಿಯಿತು. ಅವರು ಒಳಗೆ ಹೋದ ಮೇಲೆ ಜನರ ಬಾಯಿ ನಿಧಾನಕ್ಕೆ ಬಿಚ್ಚಿತು. 1969ರಲ್ಲಿ ಓಲ್ಡ್ ಬೈಲಿ ಕೋರ್ಟಿನಲ್ಲಿ ವಿಚಾರಣೆ. ಆ ಹೆಣ್ಣುಮಗಳು ಕಟಕಟೆ ಹತ್ತಿದಳು. ಹೊಡೆದವನು ಇವನೇ ಅಂದಳು. ಹಾಗಾದರೆ ಮೊದಲು ಯಾಕೆ ಹೇಳಲಿಲ್ಲ ಅನ್ನುವ ಪ್ರಶ್ನೆ ಬಂದೇ ಬರುತ್ತದೆ, ನನಗೆ ಗೊತ್ತು. ಭಯ ಇತ್ತು ಅನ್ನುವುದೇ ಅದಕ್ಕೆ ಉತ್ತರ. ಮಾರ್ಚ್‌ನಲ್ಲಿ ತೀರ್ಪು ಬಂತು. ರೋನಿ, ರೆಜ್ಜಿ ಇಬ್ಬರಿಗೂ ಜೀವಾವಧಿ, ಕನಿಷ್ಠ 30 ವರ್ಷ ಒಳಗಿರಬೇಕು ಅಂತ ನ್ಯಾಯಾಧೀಶ ಮೆಲ್ಫರ್ಡ್ ಸ್ಟೀವನ್‌ಸನ್ ಹೇಳಿದರು.

ನಾನು ಎದ್ದು ಕೌಂಟರಿನ ಹತ್ತಿರ ಹೋದೆ. ಒಬ್ಬ ಹುಡುಗಿ ಗ್ಲಾಸ್ ಒರೆಸುತ್ತಿದ್ದಳು, ಇಪ್ಪತ್ತರ ಆಸುಪಾಸು. "ಅವತ್ತು ಇಲ್ಲಿ ಕೆಲಸ ಮಾಡುತ್ತಿದ್ದವರು ಎಲ್ಲಿ ನಿಂತಿದ್ದರು?" ಅಂತ ಕೇಳಿದೆ. ನನ್ನ ಇಂಗ್ಲಿಷ್ ಅವಳಿಗೆ ಅರ್ಥ ಆಯಿತು. ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಎಲ್ಲರೂ ಗುಂಡಿನ ಗುರುತು ಎಲ್ಲಿ ಅಂತ ಕೇಳುತ್ತಾರೆ, ಇದನ್ನು ಯಾರೂ ಕೇಳಿಲ್ಲ ಅಂದಳು. ಒಳಾಂಗಣ ಎಲ್ಲ ಬದಲಾಗಿದೆ, ಸರಿಯಾಗಿ ಹೇಳಲಾರೆ, ಆದರೆ ಕೌಂಟರಿನ ಈ ಕಡೆ ಅಂದರೆ ತಾನು ಈಗ ನಿಂತ ಹಾಗೇ ನಿಂತಿರಬೇಕು ಅಂತ ಕೈಯಲ್ಲಿ ತೋರಿಸಿದಳು. ಅವಳಿಗೂ ಗಿರಾಕಿಯ ಸ್ಟೂಲಿಗೂ ನಡುವೆ ಒಂದು ಮರದ ಹಲಗೆಯ ಅಗಲ. ಒಂದು ಮೊಳ, ಹೆಚ್ಚೆಂದರೆ ಎರಡು.

ಅಷ್ಟು ಹತ್ತಿರ. ಕೋರ್ಟಿನ ಕಾಗದದಲ್ಲಿ ಓದಿದರೆ ಈ ದೂರ ಗೊತ್ತಾಗುವುದಿಲ್ಲ.

ಎರಡನೇ ದಿನ, ಶುಕ್ರವಾರ

ಬೆಳಿಗ್ಗೆ ಬೆತ್ನಲ್ ಗ್ರೀನ್ ರಸ್ತೆಯ ಪೆಲ್ಲಿಚಿ ಕೆಫೆಗೆ ಹೋದೆವು. ಇಟಲಿಯಿಂದ ಬಂದ ಮನೆತನ, 1900ರಿಂದ ಅವರೇ ನಡೆಸುತ್ತಿದ್ದಾರೆ. ಹೊರಗೆ ತಿಳಿ ಹಳದಿ ಗಾಜು, ಒಳಗೆ ಗೋಡೆ ತುಂಬಾ ಮರದ ಕುಸುರಿ. ಸಣ್ಣ ಜಾಗ. ಗೊತ್ತಿಲ್ಲದವರ ಜೊತೆ ಟೇಬಲ್ ಹಂಚಿಕೊಂಡು ಕೂರಬೇಕು. ನಮ್ಮೂರಿನ ಹಳೇ ಖಾನಾವಳಿಯ ಹಾಗೆ ಗದ್ದಲ. 2005ರಲ್ಲಿ ಸರ್ಕಾರ ಇದನ್ನು ರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿತು. ಕ್ರೇಗಳೂ ಇಲ್ಲಿಗೆ ಬರುತ್ತಿದ್ದರು. ಟೋಸ್ಟು, ಚಹಾ ಚೆನ್ನಾಗಿತ್ತು.

ನಮ್ಮ ಟೇಬಲ್ಲಿಗೆ ಬಂದ ವಯಸ್ಸಾದ ಗಂಡಸೊಬ್ಬರು ಮಾತಿಗೆ ಸಿಕ್ಕಿದರು. ಕ್ರೇಗಳು ಒಳ್ಳೆ ಹುಡುಗರು, ಅಮ್ಮನನ್ನು ಚೆನ್ನಾಗಿ ನೋಡಿಕೊಂಡರು, ಅವರಿದ್ದಾಗ ಬೀದಿಯಲ್ಲಿ ಹೆಂಗಸರು ರಾತ್ರಿ ಧೈರ್ಯವಾಗಿ ಓಡಾಡುತ್ತಿದ್ದರು ಅಂದರು. ಈ ಮಾತನ್ನು ಇಲ್ಲಿ ತುಂಬಾ ಜನ ಹೇಳುತ್ತಾರಂತೆ. ನಮ್ಮ ಕಡೆಯೂ ರೌಡಿಗಳ ಬಗ್ಗೆ ಇದೇ ಮಾತು ಇದೆ, ಅಲ್ವಾ? "ಬಡವರಿಗೆ ಏನೂ ಮಾಡುತ್ತಿರಲಿಲ್ಲ." ಹಿರಿಯರು ಅಂತ ನಾನು ವಾದಕ್ಕೆ ಇಳಿಯಲಿಲ್ಲ. ಆದರೆ ಮನಸ್ಸು ಒಪ್ಪಲಿಲ್ಲ. ಹೆಂಗಸರು ಧೈರ್ಯವಾಗಿ ಓಡಾಡುತ್ತಿದ್ದರೆ ಬಾರಿನ ಆ ಹೆಣ್ಣುಮಗಳು ಎರಡು ವರ್ಷ ಬಾಯಿ ಕಟ್ಟಿಕೊಂಡು ಯಾಕೆ ಬದುಕಬೇಕಿತ್ತು?

ಅಲ್ಲಿಂದ ವ್ಯಾಲೆನ್ಸ್ ರಸ್ತೆಗೆ ನಡೆದೆವು. ಅವಳಿಗಳು ಬೆಳೆದ 178ನೇ ನಂಬರಿನ ಮನೆ ಈಗ ಇಲ್ಲ. ಕೆಡವಿ ಹೊಸ ಮನೆಗಳನ್ನು ಕಟ್ಟಿದ್ದಾರೆ. ಒಂದು ಮನೆಯ ಮುಂದೆ ಮಗುವಿನ ಸೈಕಲ್ ಇತ್ತು. ಗಂಡ ಸತ್ತ ಮೇಲೆ ಕಾರ್ನೆಲ್ಲನ ಹೆಂಡತಿ ಇಲ್ಲಿಗೆ ಬಂದು ಕ್ರೇಗಳ ಮನೆಯ ಕಿಟಕಿ ಒಡೆದಳು ಅಂತ ಹೇಳುತ್ತಾರೆ. ಇಡೀ ಊರು ಬಾಯಿ ಮುಚ್ಚಿಕೊಂಡಿದ್ದಾಗ ಬೀದಿ ನಡುವೆ ನಿಂತು ಕೂಗಿದ್ದು ಅವಳೊಬ್ಬಳೇ. ಗಂಡ ಎಂಥವನಾದರೂ ಇರಲಿ, ಅವಳಿಗೆ ಗಂಡ.

ಚೆಷೈರ್ ರಸ್ತೆಯ ಕಾರ್ಪೆಂಟರ್ಸ್ ಆರ್ಮ್ಸ್ ಪಬ್ಬನ್ನು ಹೊರಗಿನಿಂದಲೇ ನೋಡಿದೆವು. ಅಮ್ಮನಿಗಾಗಿ ಮಕ್ಕಳು ಕೊಂಡ ಪಬ್ ಅದು. ಹತ್ತಿರದ ಸೇಂಟ್ ಮ್ಯಾಥ್ಯೂ ಚರ್ಚಿನಲ್ಲಿ 1995ರ ಮಾರ್ಚ್‌ನಲ್ಲಿ ರೋನಿಯ ಅಂತ್ಯಸಂಸ್ಕಾರದ ಪ್ರಾರ್ಥನೆ ನಡೆಯಿತು. ಬ್ರಾಡ್‌ಮೂರ್ ಅನ್ನುವ ಮಾನಸಿಕ ಆಸ್ಪತ್ರೆಯ ಕೈದಿಯಾಗಿಯೇ ಸತ್ತಿದ್ದ ಅವನ ಮೆರವಣಿಗೆ ನೋಡಲು ಕುದುರೆ ಗಾಡಿಯ ಹಿಂದೆ ಮುಂದೆ ಸಾವಿರಾರು ಜನ ಸೇರಿದ್ದರು. ರೆಜ್ಜಿ 2000ದ ಅಕ್ಟೋಬರ್ 1ರಂದು ಹೋದ. ಕ್ಯಾನ್ಸರ್ ಆಗಿದ್ದರಿಂದ ಕೆಲವೇ ವಾರ ಮುಂಚೆ ಬಿಟ್ಟಿದ್ದರು. ಇಬ್ಬರ ಗೋರಿಯೂ ಚಿಂಗ್‌ಫರ್ಡ್ ಮೌಂಟ್ ಸ್ಮಶಾನದಲ್ಲಿದೆ. "ಹೋಗೋಣ್ವಾ ಚಿಕ್ಕಮ್ಮ? ಬಸ್ಸಿದೆ" ಅಂದ ಹುಡುಗ. ಬೇಡ ಅಂದೆ. ಮಳೆ ಶುರುವಾಗಿತ್ತು, ಮನೆಗೆ ಹೋಗಿ ಸಾರು ಅನ್ನ ಮಾಡಿದೆ.

ಮೂರನೇ ದಿನ, ಶನಿವಾರ

ಸ್ಪಿಟಲ್‌ಫೀಲ್ಡ್ಸ್‌ನ ಟೆನ್ ಬೆಲ್ಸ್ ಪಬ್ಬಿಗೆ ಹೋದದ್ದು ಮಧ್ಯಾಹ್ನ. ಪಕ್ಕದಲ್ಲೇ ಹಾಕ್ಸ್‌ಮೂರ್ ಕಟ್ಟಿದ ಬಿಳಿ ಕಲ್ಲಿನ ಕ್ರೈಸ್ಟ್ ಚರ್ಚ್, ಎದುರಿಗೆ ಹಳೇ ಮಾರ್ಕೆಟ್. ಒಳಗೆ ಗೋಡೆ ಮೇಲೆ ವಿಕ್ಟೋರಿಯಾ ರಾಣಿ ಕಾಲದ ಹೆಂಚಿನ ಚಿತ್ರ ಇದೆ. ಬಣ್ಣ ಇನ್ನೂ ಹೊಸದರ ಹಾಗಿದೆ. ಹಳೇ ಕಾಲದ ನೇಯ್ಗೆಯವರ ಬದುಕಿನ ಚಿತ್ರ. ಅದನ್ನು ನೋಡುವುದಕ್ಕೇ ಒಂದು ಸಲ ಹೋಗಬಹುದು.

1888ರಲ್ಲಿ ಈ ಸುತ್ತಮುತ್ತ ಕೊಲೆಯಾದ ಹೆಂಗಸರಲ್ಲಿ ಇಬ್ಬರ ಹೆಸರು ಈ ಪಬ್ಬಿನ ಜೊತೆ ಸೇರಿಕೊಂಡಿದೆ. ಕೊಂದವನು ಸಿಗಲೇ ಇಲ್ಲ. ಸಿಗದವನಿಗೆ ಜ್ಯಾಕ್ ದಿ ರಿಪ್ಪರ್ ಅಂತ ಹೆಸರು ಬಂತು. 1976ರಿಂದ 1988ರವರೆಗೆ ಈ ಪಬ್ಬಿಗೇ ಆ ಹೆಸರು ಇಟ್ಟಿದ್ದರು. ಯೋಚನೆ ಮಾಡಿ. ಹೆಂಗಸರ ಹೊಟ್ಟೆ ಸೀಳಿದವನ ಹೆಸರಿನ ಬೋರ್ಡ್ ಕೆಳಗೆ ಜನ ಹನ್ನೆರಡು ವರ್ಷ ಬಿಯರ್ ಕುಡಿದರು. ಜನ ವಿರೋಧಿಸಿದ ಮೇಲೆ ಹಳೇ ಹೆಸರು ವಾಪಸ್ ಬಂತು.

ಸಂಜೆ ಕೊಲೆಗಳ ಜಾಗ ತೋರಿಸುವ ಒಂದು ನಡಿಗೆಗೆ ಟಿಕೆಟ್ ತೆಗೆದುಕೊಂಡಿದ್ದೆವು. ಮೂವತ್ತು ಜನರ ಗುಂಪು. ಕರೆದುಕೊಂಡು ಹೋದವನು ಮಾತಿನಲ್ಲಿ ಗಟ್ಟಿಗ. ಆದರೆ ಹ್ಯಾನ್‌ಬರಿ ರಸ್ತೆಯಲ್ಲಿ ನಿಂತು ಹೆಣದ ಫೋಟೋವನ್ನು ಗೋಡೆ ಮೇಲೆ ಬೆಳಕಿನಲ್ಲಿ ತೋರಿಸಿ, ಆ ಹೆಂಗಸಿನ ಕಸುಬಿನ ಬಗ್ಗೆ ಒಂದು ತಮಾಷೆ ಮಾಡಿದ. ಎಲ್ಲರೂ ನಕ್ಕರು. ನನಗೆ ಹೊಟ್ಟೆ ತೊಳಸಿದ ಹಾಗಾಯಿತು. "ನಡಿ ಮಗಾ" ಅಂದೆ. ಅರ್ಧಕ್ಕೇ ಬಿಟ್ಟು ಬಂದೆವು.

ಅವರ ಹೆಸರು ಇಲ್ಲಿ ಬರೆಯುತ್ತೇನೆ. ಮೇರಿ ಆನ್ ನಿಕೋಲ್ಸ್. ಆನಿ ಚಾಪ್‌ಮನ್. ಎಲಿಜಬೆತ್ ಸ್ಟ್ರೈಡ್. ಕ್ಯಾಥರೀನ್ ಎಡೋಸ್. ಮೇರಿ ಜೇನ್ ಕೆಲ್ಲಿ. ಮೇರಿ ಆನ್ ಸತ್ತ ಜಾಗ ವೈಟ್‌ಚಾಪೆಲ್ ಸ್ಟೇಷನ್ನಿನ ಹಿಂಬದಿಯ ರಸ್ತೆ. ಆಗ ಅದರ ಹೆಸರು ಬಕ್ಸ್ ರೋ, ಈಗ ಡರ್‌ವರ್ಡ್ ರಸ್ತೆ. ಗುರುವಾರ ನಾವು ಇಳಿದ ರೈಲು ನಿಂತದ್ದು ಅದರ ಪಕ್ಕದಲ್ಲೇ. ರಾತ್ರಿ ತಂಗಲು ನಾಲ್ಕು ಪೆನ್ಸ್ ಇಲ್ಲದೆ ಹೊರಗೆ ಉಳಿದವಳು ಅವಳು. ಆನಿಯ ಕಥೆಯೂ ಅದೇ. ಮಲಗಲು ಒಂದು ಹಾಸಿಗೆಯ ದುಡ್ಡು ಕೈಯಲ್ಲಿ ಇದ್ದಿದ್ದರೆ ಆ ರಾತ್ರಿ ಇಬ್ಬರೂ ಬೀದಿಯಲ್ಲಿ ಇರುತ್ತಿರಲಿಲ್ಲ.

ಮನಸ್ಸು ಭಾರವಾಗಿತ್ತು. ಬ್ರಿಕ್ ಲೇನ್ ಮೂಲಕ ಸುಮ್ನೆ ನಡೆದೆವು. ಅಲ್ಲಿ ಒಂದು ಮಸೀದಿ ಇದೆ. 1743ರಲ್ಲಿ ಫ್ರಾನ್ಸಿನಿಂದ ಓಡಿಬಂದ ಪ್ರೊಟೆಸ್ಟೆಂಟರು ಚರ್ಚ್ ಅಂತ ಕಟ್ಟಿದ್ದು. ಆಮೇಲೆ ಮೆಥಡಿಸ್ಟರದ್ದಾಯಿತು, ಆಮೇಲೆ ಯಹೂದಿಗಳ ಸಿನಗಾಗ್, 1976ರಿಂದ ಮಸೀದಿ. ಒಂದೇ ಗೋಡೆ, ಒಂದೇ ಬಾಗಿಲು.

ಅಲ್ಲಿಂದ ವೈಟ್‌ಚಾಪೆಲ್ ರಸ್ತೆಗೆ ಬಂದರೆ ಒಂದು ಪಾರ್ಕ್. ಹಿಂದೆ ಇಲ್ಲಿ ಸೇಂಟ್ ಮೇರಿ ಚರ್ಚ್ ಇತ್ತು. ಆ ಬಿಳಿ ಚರ್ಚಿನಿಂದಲೇ ವೈಟ್‌ಚಾಪೆಲ್ ಅನ್ನುವ ಹೆಸರು ಬಂದದ್ದು. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಹಾಳಾಯಿತು. ಈಗ ಹುಲ್ಲು, ಅಲ್ಲಲ್ಲಿ ಕಲ್ಲು. ಪಾರ್ಕಿನ ಹೆಸರು ಅಲ್ತಾಬ್ ಅಲಿ ಪಾರ್ಕ್.

ನಾನು ಈ ಹೆಸರನ್ನು ಮೊದಲು ಕೇಳಿರಲಿಲ್ಲ. ಹುಡುಗನೇ ಹೇಳಿದ. ಅಲ್ತಾಬ್ ಅಲಿ ಬಾಂಗ್ಲಾದೇಶದಿಂದ ಬಂದ ಯುವಕ, ಬಟ್ಟೆ ಕೆಲಸದವನು. 1978ರ ಮೇ 4ರ ಸಂಜೆ ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದಾಗ ಇಲ್ಲೇ ಆಡ್ಲರ್ ರಸ್ತೆಯ ಹತ್ತಿರ ಮೂವರು ಹುಡುಗರು ಇರಿದು ಕೊಂದರು. ಅವನು ಅವರಿಗೆ ಏನೂ ಮಾಡಿರಲಿಲ್ಲ. ಅವರು ನೋಡಿದ್ದು ಅವನ ಚರ್ಮದ ಬಣ್ಣ ಮಾತ್ರ. ಹತ್ತು ದಿನದ ಮೇಲೆ ಸಾವಿರಾರು ಜನ ಅವನ ಶವಪೆಟ್ಟಿಗೆಯ ಹಿಂದೆ ಪ್ರಧಾನಿ ಮನೆಯವರೆಗೆ ನಡೆದರು. ಅಲ್ಲಿಯವರೆಗೆ ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದವರು ಅವತ್ತು ಬೀದಿಗೆ ಇಳಿದರು. 1998ರಲ್ಲಿ ಪಾರ್ಕಿಗೆ ಅವನ ಹೆಸರು ಇಟ್ಟರು.

ಬಾಗಿಲಲ್ಲಿ ಕಬ್ಬಿಣದ ಕಮಾನು ಇದೆ. ಅದರ ಕೆಳಗೆ ನಿಂತೆ. ಮೂರು ದಿನದಿಂದ ನೋಡಿದ್ದೆಲ್ಲ ಕೊಂದವರ ಹೆಸರು. ಬೋರ್ಡಿನ ಮೇಲೆ, ಫೋಟೋದ ಕೆಳಗೆ, ಟಿಕೆಟ್ಟಿನ ಮೇಲೆ. ಇಲ್ಲಿ ಸತ್ತವನ ಹೆಸರಿದೆ. ಹೆಂಗಸರಿಬ್ಬರು ಬೆಂಚಿನ ಮೇಲೆ ಕೂತು ಚೀಲದಿಂದ ಕಡಲೆ ತೆಗೆದು ತಿನ್ನುತ್ತಿದ್ದರು. ಮಕ್ಕಳು ಓಡಾಡುತ್ತಿದ್ದರು. ನಾವೂ ಅಲ್ಲೇ ಕೂತೆವು, ಕತ್ತಲಾಗುವವರೆಗೆ.

ನಾಲ್ಕನೇ ದಿನ, ಭಾನುವಾರ

ನಾನು ಕಡಲ ತೀರದವಳು. ನೀರು ನೋಡದೆ ನಾಲ್ಕು ದಿನ ಆಗಿತ್ತು. ಅದಕ್ಕೇ ವಾಪಿಂಗ್.

ಇದು ಥೇಮ್ಸ್ ನದಿಯ ದಡ. ಹಡಗಿನವರ ಹಳೇ ಕೇರಿ. ಕಲ್ಲು ಹಾಸಿನ ರಸ್ತೆ, ಎರಡೂ ಕಡೆ ಎತ್ತರದ ಗೋದಾಮುಗಳು. ಮಸಾಲೆ, ಚಹಾ ತುಂಬಿಡುತ್ತಿದ್ದ ಗೋದಾಮುಗಳಲ್ಲಿ ಈಗ ಶ್ರೀಮಂತರ ಮನೆಗಳು. ಗೋದಾಮುಗಳ ನಡುವೆ ಕಿರಿದಾದ ಸಂದುಗಳು. ಸಂದಿನ ಕೊನೆಗೆ ಪಾಚಿ ಕಟ್ಟಿದ ಮೆಟ್ಟಿಲು. ಮೆಟ್ಟಿಲು ಇಳಿದರೆ ನೀರು.

ಪ್ರಾಸ್ಪೆಕ್ಟ್ ಆಫ್ ವಿಟ್ಬಿ ಅನ್ನುವ ಪಬ್ ಸುಮಾರು 1520ರಿಂದ ಇಲ್ಲಿದೆ ಅನ್ನುತ್ತಾರೆ. ಕಳ್ಳರು, ಕಳ್ಳಸಾಗಣೆಯವರು ತುಂಬಿಕೊಂಡು ಒಂದು ಕಾಲಕ್ಕೆ ಇದಕ್ಕೆ ಸೈತಾನನ ಹೋಟೆಲು ಅಂತಲೇ ಹೆಸರಿತ್ತು. ನೆಲಕ್ಕೆ ಹಳೇ ಕಲ್ಲಿನ ಚಪ್ಪಡಿ. ಹಿಂಬದಿಯಲ್ಲಿ ನದಿಯ ಮೇಲೆ ಒಂದು ನೇಣಿನ ಕುಣಿಕೆ ನೇತಾಡುತ್ತದೆ. ಪ್ರವಾಸಿಗಳು ಅದರ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ. ಈ ದಡದಲ್ಲೇ ಎಲ್ಲೋ ಎಕ್ಸಿಕ್ಯೂಷನ್ ಡಾಕ್ ಇತ್ತು. ಕಡಲಿನಲ್ಲಿ ಮಾಡಿದ ಅಪರಾಧಕ್ಕೆ ನೇಣು ಹಾಕುತ್ತಿದ್ದ ಜಾಗ. ಇಳಿತದ ಹೊತ್ತಿಗೆ ಗಲ್ಲಿಗೆ ಏರಿಸಿ, ಮೂರು ಭರತಿ ಹೆಣದ ಮೇಲೆ ಹಾದುಹೋಗುವವರೆಗೆ ಹಾಗೇ ಬಿಡುತ್ತಿದ್ದರು. ಕೊನೆಯ ಸಲ ಇಲ್ಲಿ ನೇಣು ಹಾಕಿದ್ದು 1830ರಲ್ಲಿ.

ಸ್ವಲ್ಪ ದೂರದಲ್ಲಿ ಇನ್ನೊಂದು ಪಬ್, ಕ್ಯಾಪ್ಟನ್ ಕಿಡ್. ಪಬ್ ಹೊಸದು, 1980ರ ದಶಕದ್ದು. ಹೆಸರು ಹಳೇದು. ವಿಲಿಯಂ ಕಿಡ್‌ನನ್ನು 1701ರ ಮೇ 23ರಂದು ಎಕ್ಸಿಕ್ಯೂಷನ್ ಡಾಕಿನಲ್ಲಿ ನೇಣು ಹಾಕಿದರು. ಮೊದಲ ಸಲ ಹಗ್ಗ ತುಂಡಾಯಿತು. ಎತ್ತಿ ಎರಡನೇ ಸಲ ಹಾಕಿದರು. ಆಮೇಲೆ ಹೆಣವನ್ನು ಟಿಲ್‌ಬರಿಯ ಹತ್ತಿರ ನದಿ ದಡದಲ್ಲಿ ಸರಪಳಿಯಲ್ಲಿ ನೇತುಹಾಕಿದರು, ಬಂದು ಹೋಗುವ ಹಡಗಿನವರಿಗೆಲ್ಲ ಕಾಣಲಿ ಅಂತ.

ಈ ಕಿಡ್ ನಮ್ಮೂರಿಗೆ ಬಂದಿದ್ದ. ಹೌದು, ಕಾರವಾರಕ್ಕೆ.

ಕಡಲ್ಗಳ್ಳರನ್ನು ಹಿಡಿಯಲು ಅಂತ ಇಂಗ್ಲೆಂಡಿನ ರಾಜನ ಪತ್ರ ಹಿಡಿದು 1696ರಲ್ಲಿ ಹೊರಟವನು ಅವನು. ಅಡ್ವೆಂಚರ್ ಗ್ಯಾಲಿ ಅನ್ನುವ 34 ತೋಪಿನ ಹಡಗು. 1697ರ ಸೆಪ್ಟೆಂಬರ್‌ನಲ್ಲಿ ನೀರು, ಸೌದೆ ತುಂಬಿಸಿಕೊಳ್ಳಲು ಕಾರವಾರದ ಬಂದರಿಗೆ ಬಂದ. ಕಾರವಾರದಲ್ಲಿ 1638ರಿಂದಲೇ ಇಂಗ್ಲಿಷರ ಕೋಠಿ ಇತ್ತು. ಮೆಣಸು, ತೆಳು ಬಟ್ಟೆ ಇಲ್ಲಿಂದ ಹೋಗುತ್ತಿತ್ತು. ಕಿಡ್‌ನ ಹಡಗಿನಿಂದ ಕೆಲವರು ಅಲ್ಲೇ ಇಳಿದು ತಪ್ಪಿಸಿಕೊಂಡರು. ತಮ್ಮ ಯಜಮಾನ ಕಡಲ್ಗಳ್ಳತನಕ್ಕೆ ಇಳಿಯುತ್ತಾನೆ ಅಂತ ಕೋಠಿಯವರಿಗೆ ಹೇಳಿದರು. ಅಂದರೆ ಅವನ ವಿರುದ್ಧ ಮೊದಮೊದಲು ಬಾಯಿ ಬಿಟ್ಟವರು ಬಿಟ್ಟಿದ್ದು ನಮ್ಮ ಕಾರವಾರದ ದಡದಲ್ಲಿ. ಸಣ್ಣವಳಿದ್ದಾಗ ನಾನು ಚಿಪ್ಪು ಆರಿಸಿದ ತೀರ ಅದು. ಕೋರ್ಟಿನಿಂದ ಆ ನೀರು ಕಾಣುತ್ತದೆ. ಇಷ್ಟು ವರ್ಷ ಅದರ ಎದುರಿಗೇ ಕೂತು ಸಾಕ್ಷಿ ಹೇಳಿಕೆ ಬರೆದುಕೊಂಡ ನನಗೆ ಇದು ಗೊತ್ತಿರಲಿಲ್ಲ. ನದಿಯ ಕಟ್ಟೆಯ ಮೇಲೆ ಕೂತು ಹುಡುಗ ಓದಿ ಹೇಳುತ್ತಿದ್ದರೆ ನನಗೆ ಮೈ ಜುಮ್ಮೆಂದಿತು.

ಕಾರವಾರ ಬಿಟ್ಟು ಒಂದು ತಿಂಗಳಿಗೆ, ಅಕ್ಟೋಬರ್ 30ರಂದು, ಹಡಗಿನ ತೋಪಿನವನಿಗೂ ಕಿಡ್‌ಗೂ ಜಗಳ ಆಯಿತು. ಕಿಡ್ ಕಬ್ಬಿಣದ ಪಟ್ಟಿ ಹೊಡೆದ ಮರದ ಬಕೆಟ್ಟಿನಿಂದ ಅವನ ತಲೆಗೆ ಬಾರಿಸಿದ. ಮರುದಿನ ಅವನು ಸತ್ತ. ಅದಾದ ಮೇಲೆ 1698ರ ಜನವರಿಯಲ್ಲಿ ಕೊಚ್ಚಿಯ ಕಡೆ ಕ್ವೆಡಾ ಮರ್ಚೆಂಟ್ ಅನ್ನುವ ದೊಡ್ಡ ಹಡಗನ್ನು ಹಿಡಿದು ದೋಚಿದ. ರೇಷ್ಮೆ, ಮಸ್ಲಿನ್, ಚಿನ್ನ, ಬೆಳ್ಳಿ. ಲಂಡನ್ನಿನ ಓಲ್ಡ್ ಬೈಲಿಯಲ್ಲಿ ಅವನ ಮೇಲೆ ಮೊದಲು ನಡೆದದ್ದು ತೋಪಿನವನ ಕೊಲೆಯ ವಿಚಾರಣೆ, ಆಮೇಲೆ ಕಡಲ್ಗಳ್ಳತನದ್ದು. ಕ್ರೇಗಳು ಕಟಕಟೆಯಲ್ಲಿ ನಿಂತದ್ದೂ ಓಲ್ಡ್ ಬೈಲಿಯಲ್ಲೇ, ನಡುವೆ 268 ವರ್ಷ.

ಪಬ್ಬಿನ ಬೋರ್ಡಿನಲ್ಲಿ ಕಿಡ್ ಇದ್ದಾನೆ. ತೋಪಿನವನ ಹೆಸರಿನ ಪಬ್ಬಾಗಲಿ, ಸಂದಾಗಲಿ, ಮೆಟ್ಟಿಲಾಗಲಿ ನನಗೆ ಎಲ್ಲೂ ಕಾಣಲಿಲ್ಲ.

ಅಣ್ಣನಿಗೆ ಫೋನ್ ಹಚ್ಚಿದೆ. ಕಾರವಾರದಲ್ಲಿ ಆಗ ರಾತ್ರಿ. ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದ. ಹಿಂದೆ ಕಪ್ಪೆ ಕೂಗುವುದು ಕೇಳುತ್ತಿತ್ತು. ಕಿಡ್‌ನ ಕಥೆ ಎಲ್ಲ ಹೇಳಿದೆ. ನಮ್ಮ ಬಂದರಿಗೆ ಬಂದದ್ದು, ಜನ ಇಳಿದು ತಪ್ಪಿಸಿಕೊಂಡದ್ದು, ಬಕೆಟ್ಟು, ಹಗ್ಗ ತುಂಡಾದದ್ದು. ಅಣ್ಣ ಹೂಂಗುಟ್ಟುತ್ತಾ ಕೇಳಿದ. ಕೆಳಗೆ ಭರತಿ ಏರುತ್ತಿತ್ತು. ನಾವು ಬಂದಾಗ ಕಾಣುತ್ತಿದ್ದ ಮೆಟ್ಟಿಲುಗಳಲ್ಲಿ ಮೂರು ಆಗಲೇ ಮುಳುಗಿದ್ದವು.

"ಅಲ್ಲವೇ ತಂಗಿ," ಅಂದ ಅಣ್ಣ, "ಬಕೆಟ್ಟಿನಲ್ಲಿ ಹೊಡೆಸಿಕೊಂಡು ಸತ್ತನಲ್ಲ, ಅವನ ಹೆಸರು ಏನಂದೆ?"

"ಹೇಳಲಿಲ್ಲ ಅಣ್ಣ," ಅಂದೆ. "ವಿಲಿಯಂ ಮೂರ್."

"ವಿಲಿಯಂ ಮೂರ್," ಅಂದ ಅಣ್ಣ, ಕಾರವಾರದಲ್ಲಿ ಕೂತು.